ಭೂಪಟದಲ್ಲಿ ನಮ್ಮ ಗಿರಿಗಳು, ನಮ್ಮ ಹೊಳೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಮಲೆಸೀಮೆಯು ನದಿಗಳ ತವರೆಂಬುದು ಸರ್ವವಿದಿತ. ಗಂಗಾಮೂಲದಲ್ಲಿ ಉದಿಸುವ ತುಂಗೆ ಭದ್ರೆಯರು ಕೂಡಲಿಯಲ್ಲಿ ಸಂಗಮಿಸಿ, ಕೃಷ್ಣೆಯೊಡನೆ ಪೂರ್ವಸಮುದ್ರವನ್ನು ಸೇರುತ್ತಾರೆ. ಅಲ್ಲಿಯೇ ಹುಟ್ಟುವ ನೇತ್ರಾವತಿಯಾದರೋ ಘಟ್ಟವಿಳಿದು ಮಂಗಳೂರಿನ ಬಳಿ ಪಶ್ಚಿಮಸಮುದ್ರವನ್ನು ಸೇರುತ್ತಾಳೆ. ಮೂಡಿಗೆರೆ ಸೀಮೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯು ಕಾವೇರಿಯ ಪಾಲು. ಒಂದೇ ಮುಗಿಲಿನ ಮಳೆಯನ್ನು ಹೀಗೆ ಪಾಲುಮಾಡುವ ಬೆಟ್ಟದ ನೆತ್ತಿಗೆ ಜಲವಿಭಾಜಕವೆಂದು ಹೆಸರು. ಇದನ್ನು ಕಾಗದದ ಮೇಲೆ ಕಾಣಿಸುವ ವಿದ್ಯೆಯೇ ಭೂಪಟರಚನೆ.

ಬೆಟ್ಟವನ್ನು ಹಗ್ಗವಿಟ್ಟು ಅಳೆಯಲಾಗದು. ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ಗಣಿತದಿಂದ ಪಡೆಯಬಹುದು. ಈ ತತ್ತ್ವವನ್ನು ಹಿಡಿದು ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನು ಅಳೆದನು; ಶಿಖರದಿಂದ ಶಿಖರಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿಸಿದನು. ಹಳೆಯ ಭೂಪಟಗಳು ಈ ಅಗಲವನ್ನು ಸುಮಾರು 40 ಮೈಲಿ ಹೆಚ್ಚಾಗಿ ತೋರಿಸಿದ್ದವೆಂಬುದು ಆಗ ತಿಳಿದುಬಂದಿತು.

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಭೂಪಟದಲ್ಲಿ 2 ಸೆಂಟಿಮೀಟರು ನೆಲದ ಮೇಲೆ 1 ಕಿಲೋಮೀಟರು. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಕಂದುಗೆರೆಗಳೇ ಸಮೋನ್ನತಿ ರೇಖೆಗಳು. ಅವು ಒತ್ತಾಗಿದ್ದಲ್ಲಿ ನೆಲ ಕಡಿದು. ವಿರಳವಾಗಿದ್ದಲ್ಲಿ ಇಳಿಜಾರು ಸೌಮ್ಯ. ಕಣಿವೆಯಲ್ಲಿ ಅವು ಹೊಳೆಯ ಮೂಲದತ್ತ ಬಾಗುತ್ತವೆ. ಗಿರಿಸಾಲಿನಲ್ಲಿ ತಗ್ಗಿನತ್ತ ಬಾಗುತ್ತವೆ. ಇದನ್ನರಿತವನಿಗೆ 1,930 ಮೀಟರಿನ ಮುಳ್ಳಯ್ಯನಗಿರಿಯೂ, ಚಂದ್ರದ್ರೋಣದ ಬಾಗುಸಾಲಿನೊಳಗಿನ ಜಾಗರ ಕಣಿವೆಯೂ ಕಾಗದದಿಂದ ಎದ್ದುನಿಲ್ಲುತ್ತವೆ.

ಧ್ರುವಪ್ರದೇಶದ ಬಯಲುಗಳಲ್ಲಿ ಮರಗಳಿಲ್ಲದುದರಿಂದ ಆಕಾಶದಿಂದ ತೆಗೆದ ಚಿತ್ರದಲ್ಲಿ ಹಿಮವಿಲ್ಲದ ಕಾಲಕ್ಕೆ ನೆಲವೇ ಕಾಣುತ್ತದೆ. ನಮ್ಮಲ್ಲಿ ಹಾಗಲ್ಲ. ಕಾಫಿತೋಟದ ನೆರಳುಮರಗಳೂ ಶೋಲೆಯ ಕಾಡೂ ಸಣ್ಣ ತೊರೆಗಳನ್ನು ಮುಚ್ಚಿಬಿಡುತ್ತವೆ. ಉಪಗ್ರಹದ ಕಣ್ಣಿಗೆ ತಪ್ಪಿದುದನ್ನು ಊರವರ ನಾಲಗೆ ಉಳಿಸಿಕೊಂಡಿದೆ. ಹಳ್ಳ, ತೊರೆ, ಹೊಳೆ ಎಂಬ ಮಾತುಗಳಲ್ಲಿ ನೀರಿನ ಅಳತೆಯಿದೆ. 'ಹಡ್ಲು' ಎಂಬ ಮಾತಿನಲ್ಲಿ ಗುಡ್ಡಗಳ ನಡುವಣ ಜೌಗುನೆಲದ ಕುರುಹಿದೆ. ಹೆಸರನ್ನು ತಪ್ಪಾಗಿ ಬರೆದರೆ ಅಕ್ಷರದೊಡನೆ ನೆಲದ ಗುಣವೂ ಅಳಿಯುತ್ತದೆ.

ಇದು ಕೇವಲ ಪಾಂಡಿತ್ಯದ ಮಾತಲ್ಲ. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದವು. ಬೇಸಗೆಯಲ್ಲಿ ಒಣಗಿರುವ ಹಳ್ಳವು ಮಳೆಗಾಲದಲ್ಲಿ ತನ್ನ ದಾರಿಯನ್ನು ಕೇಳದೆ ಬಿಡದು. ಆ ದಾರಿಯನ್ನು ಮುಚ್ಚಿ ಮನೆ ಕಟ್ಟುವ, ಕಡಿದಾದ ಗುಡ್ಡವನ್ನು ಕಡಿದು ರಸ್ತೆ ತೆಗೆಯುವ ಮುನ್ನ ಭೂಪಟವನ್ನು ನೋಡುವುದು ವಿವೇಕ.

ಆದುದರಿಂದ ಮಲೆನಾಡಿನ ಪ್ರತಿ ಶಾಲೆಯಲ್ಲಿಯೂ ಆಯಾ ಸೀಮೆಯ ಭೂಪಟವೊಂದು ಗೋಡೆಯ ಮೇಲಿರಲಿ. ಉಪಾಧ್ಯಾಯರು ಮಕ್ಕಳಿಂದ ತಮ್ಮೂರಿನ ಹಳ್ಳಗಳ ಹೆಸರನ್ನು ಹಿರಿಯರಲ್ಲಿ ಕೇಳಿಸಿ ಅದರಲ್ಲಿ ಬರೆಯಿಸಲಿ. ದಾನಿಗಳು ಇದನ್ನೂ ವಿದ್ಯಾದಾನವೆಂದೇ ಭಾವಿಸಲಿ. ತಾನು ಕುಡಿಯುವ ನೀರಿನ ಹಾದಿಯನ್ನು ಬಲ್ಲ ಮಗು ನೆಲವನ್ನು ಕೆಡಿಸದು.