ಕ್ರಿಸ್ತನ ಬರೋಣಕ್ಕೆ ವೇಳಾಪಟ್ಟಿ ಇದೆಯೇ?

ಎಲ್ಲೋ ಯುದ್ಧ ಶುರುವಾದರೆ, ಭೂಮಿ ನಡುಗಿದರೆ, ರೋಗ ಹಬ್ಬಿದರೆ ಪ್ರಕಟನೆ ಗ್ರಂಥದ ವಚನಗಳು ಫೋನಿನಿಂದ ಫೋನಿಗೆ ಓಡಾಡತೊಡಗುತ್ತವೆ. ಅವುಗಳ ಬೆನ್ನಿಗೆ ಬರುವ ‘ಅಂತ್ಯಕಾಲದ ಚಾರ್ಟು’ಗಳಲ್ಲಿ ಹೆಚ್ಚಿನವು 19ನೇ ಶತಮಾನದ ಬ್ರಿಟನ್‌ನಲ್ಲಿ ಮೊಳೆತು ಅಮೆರಿಕದಲ್ಲಿ ಬೆಳೆದ ಬೋಧನೆಯವು. ಜಾನ್ ಕ್ಯಾಲ್ವಿನ್‌ನಿಂದ ರೂಪುಗೊಂಡ ಸುಧಾರಿತ ಸಭೆಗಳ, ಅಂದರೆ ಪ್ರೆಸ್ಬಿಟೇರಿಯನ್ ಮತ್ತು ಡಚ್ ರಿಫಾರ್ಮ್‌ಡ್ ಸಭೆಗಳ, ದಾರಿ ಬೇರೆ. 1561ರ ಬೆಲ್ಜಿಕ್ ವಿಶ್ವಾಸ ಪ್ರಮಾಣ, 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರಮಾಲೆ, 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಈ ವಿಷಯದಲ್ಲಿ ಹೇಳುವುದು ಕಡಿಮೆ. ಹೇಳಿದ್ದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತವೆ.

ತಪ್ಪು ಕಲ್ಪನೆ 1: ಸೂಚನೆಗಳನ್ನು ಕೂಡಿಸಿದರೆ ದಿನಾಂಕ ಸಿಗುತ್ತದೆ.

ವಾಸ್ತವ: ಆ ದಿನ ತಂದೆಗೆ ಹೊರತು ಯಾರಿಗೂ ಗೊತ್ತಿಲ್ಲವೆಂದು ಯೇಸುವೇ ಹೇಳಿದನು (ಮತ್ತಾಯ 24:36). ಬೆಲ್ಜಿಕ್ ಪ್ರಮಾಣದ 37ನೇ ವಿಧಿಯೂ ಅದನ್ನೇ ಹೇಳುತ್ತದೆ. ಆದರೂ ಲೆಕ್ಕ ಹಾಕುವವರು ನಿಂತಿಲ್ಲ. ದಾನಿಯೇಲನ ಗ್ರಂಥದ 2,300 ದಿನಗಳನ್ನು ವರ್ಷಗಳೆಂದು ಎಣಿಸಿದ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕುಳಿತು ನಿರಾಶರಾದರು. 2011ರ ಮೇ 21 ಎಂದು ರೇಡಿಯೊದಲ್ಲಿ ಸಾರಿದ ಹೆರಾಲ್ಡ್ ಕ್ಯಾಂಪಿಂಗ್ ಒಂದು ಕಾಲಕ್ಕೆ ಅಮೆರಿಕದ ಕ್ರಿಶ್ಚಿಯನ್ ರಿಫಾರ್ಮ್‌ಡ್ ಸಭೆಯವರೇ. ಅವರ ಲೆಕ್ಕಕ್ಕೆ ಆ ಸಭೆ ಒಪ್ಪಿದ ಪ್ರಮಾಣದಲ್ಲೇ ಜಾಗವಿರಲಿಲ್ಲ. ಮರುವರ್ಷ ಅವರೇ ತಪ್ಪೊಪ್ಪಿಕೊಂಡರು.

ಯುದ್ಧ, ಬರ, ಭೂಕಂಪಗಳ ಮಾತನ್ನಾಡಿದಾಗಲೂ ಇದಿನ್ನೂ ಅಂತ್ಯವಲ್ಲ ಎಂದೇ ಯೇಸು ಶಿಷ್ಯರನ್ನು ಸಮಾಧಾನಪಡಿಸಿದ್ದು. ಮತ್ತಾಯ 24ರ ಒಂದು ಭಾಗ ಕ್ರಿ.ಶ. 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಕೆಡವಿದಾಗ ನೆರವೇರಿತು. ಉಳಿದ ಸಂಕಟಗಳು ಕ್ರಿಸ್ತನ ಮೊದಲ ಮತ್ತು ಎರಡನೆಯ ಬರೋಣಗಳ ನಡುವಿನ ಇಡೀ ಕಾಲದ ಲಕ್ಷಣಗಳು.

ತಪ್ಪು ಕಲ್ಪನೆ 2: ವಿಶ್ವಾಸಿಗಳು ಗುಟ್ಟಾಗಿ ಮೇಲಕ್ಕೆತ್ತಲ್ಪಟ್ಟು ಮಹಾಸಂಕಟದಿಂದ ಪಾರಾಗುತ್ತಾರೆ.

ವಾಸ್ತವ: ಈ ಬೋಧನೆಯನ್ನು 1830ರ ದಶಕದಿಂದ ವ್ಯವಸ್ಥಿತವಾಗಿ ಹರಡಿದವರು ಬ್ರದರೆನ್ ಪಂಗಡದ ಜಾನ್ ನೆಲ್ಸನ್ ಡಾರ್ಬಿ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. 1995ರಿಂದ ಬಂದ ‘ಲೆಫ್ಟ್ ಬಿಹೈಂಡ್’ ಕಾದಂಬರಿಗಳು ಅದಕ್ಕೆ ಸಿನಿಮಾದ ಬಣ್ಣ ಹಚ್ಚಿದವು. ಕ್ಯಾಲ್ವಿನ್‌ನ ಬರಹದಲ್ಲಾಗಲಿ, ಮೇಲಿನ ಮೂರು ಪ್ರಮಾಣಗಳಲ್ಲಾಗಲಿ, ಮೊದಲು ಗುಟ್ಟಾಗಿ ಆಮೇಲೆ ಬಹಿರಂಗವಾಗಿ ಎಂಬ ಎರಡು ಕಂತಿನ ಬರೋಣವಿಲ್ಲ.

ಇದಕ್ಕೆ ಆಧಾರವಾಗಿ ತೋರಿಸುವ 1 ಥೆಸಲೋನಿಕ 4ರಲ್ಲಿ ಆಜ್ಞಾಘೋಷವಿದೆ, ಪ್ರಧಾನದೂತನ ಧ್ವನಿಯಿದೆ, ತುತೂರಿಯಿದೆ. ಬೈಬಲಿನಲ್ಲಿ ಇಷ್ಟು ಸದ್ದಿನ ಸಂದರ್ಭಗಳು ವಿರಳ. ಅದನ್ನು ಗುಟ್ಟೆನ್ನುವುದು ಹೇಗೆ? ಮದುವೆಯ ದಿಬ್ಬಣವನ್ನು ಎದುರುಗೊಳ್ಳಲು ಊರಬಾಗಿಲಿಗೆ ಹೋದವರು ದಿಬ್ಬಣ ಹತ್ತಿ ಬೇರೂರಿಗೆ ಹೋಗಿಬಿಡುವುದಿಲ್ಲ, ವಾದ್ಯದ ಸಮೇತ ವರನನ್ನು ಒಳಗೆ ಕರೆತರುತ್ತಾರೆ. ವಿಶ್ವಾಸಿಗಳು ಕರ್ತನನ್ನು ಎದುರುಗೊಳ್ಳುವ ಆ ಭಾಗವನ್ನು ಸುಧಾರಿತ ವ್ಯಾಖ್ಯಾನಕಾರರು ಓದುವುದು ಹೀಗೆ. ಸಂಕಟದಿಂದ ವಿನಾಯಿತಿಯ ಮಾತೂ ಅಲ್ಲಿಲ್ಲ. ಪ್ರಕಟನೆಯನ್ನು ಬರೆದ ಯೋಹಾನನು ಓದುಗರೊಂದಿಗೆ ತಾನೂ ಸಂಕಟದಲ್ಲಿ ಪಾಲುಗಾರನೆಂದು ಹೇಳಿಕೊಂಡೇ ಬರಹ ಶುರುಮಾಡುತ್ತಾನೆ.

ತಪ್ಪು ಕಲ್ಪನೆ 3: ಸಾವಿರ ವರ್ಷದ ಆಳ್ವಿಕೆಯ ಬಗ್ಗೆ ಸುಧಾರಿತರದು ಒಂದೇ ಅಭಿಪ್ರಾಯ.

ವಾಸ್ತವ: ಆ ಸಾವಿರ ವರ್ಷ ಬರುವುದು ಪ್ರಕಟನೆ 20ರಲ್ಲಿ ಮಾತ್ರ. ಹೊಸ ಒಡಂಬಡಿಕೆಯ ಬಹುತೇಕ ಪುಸ್ತಕಗಳಿಗೆ ವ್ಯಾಖ್ಯಾನ ಬರೆದ ಕ್ಯಾಲ್ವಿನ್ ಪ್ರಕಟನೆಗೆ ಬರೆಯಲಿಲ್ಲ. ಭೂಮಿಯ ಮೇಲೆ ಸಾವಿರ ವರ್ಷ ಎಣಿಸುವವರ ಕಲ್ಪನೆಯನ್ನು ಮಾತ್ರ ಬಾಲಿಶವೆಂದ. ಅಗಸ್ಟೀನನ ಹಾದಿ ಹಿಡಿದ ಹೆಚ್ಚಿನವರಿಗೆ ಆ ಸಂಖ್ಯೆ ಒಂದು ಸಂಕೇತ: ಕ್ರಿಸ್ತನು ಈಗಲೇ ಆಳುತ್ತಿದ್ದಾನೆ, ಸೈತಾನನು ಕಟ್ಟಲ್ಪಟ್ಟಿರುವುದರಿಂದಲೇ ಸುವಾರ್ತೆ ಎಲ್ಲ ಜನಾಂಗಗಳಿಗೂ ಮುಟ್ಟುತ್ತಿದೆ. ಪ್ರಿನ್ಸ್‌ಟನ್ನಿನ ಚಾರ್ಲ್ಸ್ ಹಾಡ್ಜ್, ಬಿ. ಬಿ. ವಾರ್‌ಫೀಲ್ಡ್ ಮುಂತಾದವರು ಬರೋಣಕ್ಕೆ ಮುಂಚೆಯೇ ಸುವಾರ್ತೆ ಲೋಕದಲ್ಲಿ ದೊಡ್ಡ ಜಯ ಕಾಣುವುದೆಂದು ನಿರೀಕ್ಷಿಸಿದರು. ಕೃಪೆಯ ಬೋಧನೆಯಲ್ಲಿ ಕ್ಯಾಲ್ವಿನ್‌ನ ಕಡೆಯವರಾದ ಬ್ಯಾಪ್ಟಿಸ್ಟ್ ಬೋಧಕ ಸ್ಪರ್ಜನ್ ಬರೋಣದ ನಂತರ ಆ ಆಳ್ವಿಕೆ ಎಂದರು. ಸಭೆ ಇದರ ಮೇಲೆ ಒಡೆಯಬೇಕೆಂದು ಪ್ರಮಾಣಗಳು ಎಲ್ಲೂ ಹೇಳುವುದಿಲ್ಲ.

ತಪ್ಪು ಕಲ್ಪನೆ 4: 666 ಎಂದರೆ ಬಾರ್‌ಕೋಡ್, ಆಧಾರ್, ಚಿಪ್ ಅಥವಾ ಲಸಿಕೆ.

ವಾಸ್ತವ: ಮೃಗದ ಗುರುತೂ 666 ಎಂಬ ಅದರ ಸಂಖ್ಯೆಯೂ ಬರುವ ಪ್ರಕಟನೆ 13 ಮುಗಿಯುತ್ತಿದ್ದಂತೆ 14ನೇ ಅಧ್ಯಾಯದ ಮೊದಲ ವಚನವನ್ನೂ ಓದಬೇಕು. ಅಲ್ಲಿ ಕುರಿಮರಿಯಾದಾತನ ಜನರ ಹಣೆಯ ಮೇಲೂ ಹೆಸರಿದೆ. ಆ ಗುರುತು ಯಾವ ಯಂತ್ರದಿಂದ ಹಾಕಿದ್ದೆಂದು ಯಾರೂ ಹುಡುಕುವುದಿಲ್ಲ; ಅದು ಅವರು ಯಾರಿಗೆ ಸೇರಿದವರೆಂಬುದರ ಸಂಕೇತವೆಂದು ಎಲ್ಲರೂ ಒಪ್ಪುತ್ತಾರೆ. ಮೃಗದ ಗುರುತಿಗೂ ಅದೇ ನಿಯಮ ಸಲ್ಲಬೇಕು. ಗೊತ್ತಿಲ್ಲದೆ ಹಚ್ಚಿಸಿಕೊಳ್ಳುವಂಥದ್ದಲ್ಲ ಅದು, ಯಾರನ್ನು ಆರಾಧಿಸುತ್ತೇವೆ ಎಂಬ ಆಯ್ಕೆ. ‘ನೀರೋ ಕೈಸರ’ ಎಂಬ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಬೆಲೆ ಕೂಡಿದರೆ 666 ಬರುತ್ತದೆ. ರೋಮನ್ ಚಕ್ರವರ್ತಿಯನ್ನು ದೇವರೆಂದು ಪೂಜಿಸುವ ಒತ್ತಡದಲ್ಲಿದ್ದ ಮೊದಲ ಓದುಗರಿಗೆ ಇದು ದೂರದ ಒಗಟಾಗಿರಲಿಲ್ಲವೆಂದು ಅನೇಕ ವಿದ್ವಾಂಸರ ಮತ.

ಬೆರಳು ತೋರಿಸುವ ಚಪಲ ಸುಧಾರಿತರಿಗೂ ಇತ್ತು. ವೆಸ್ಟ್‌ಮಿನ್‌ಸ್ಟರ್ ಪ್ರಮಾಣ ಪೋಪ್ ಅವರನ್ನೇ ಕ್ರಿಸ್ತವಿರೋಧಿ ಎಂದಿತ್ತು. ಅಮೆರಿಕದ ಪ್ರಧಾನ ಪ್ರೆಸ್ಬಿಟೇರಿಯನ್ ಸಭೆ 1903ರಲ್ಲಿ ಆ ಮಾತನ್ನು ತಿದ್ದಿತು. ಯೋಹಾನನ ಪತ್ರಿಕೆಯ ಪ್ರಕಾರ ಆ ಕಾಲಕ್ಕೇ ಅನೇಕ ಕ್ರಿಸ್ತವಿರೋಧಿಗಳು ಬಂದಾಗಿತ್ತು.

ತಪ್ಪು ಕಲ್ಪನೆ 5: 1948ರಲ್ಲಿ ಸ್ಥಾಪನೆಯಾದ ಇಸ್ರೇಲ್ ರಾಷ್ಟ್ರ ದೇವರ ಗಡಿಯಾರ.

ವಾಸ್ತವ: ದೇವರಿಗೆ ಯೆಹೂದ್ಯರದೊಂದು, ಸಭೆಯದೊಂದು ಎಂದು ಎರಡು ಯೋಜನೆಗಳಿಲ್ಲ. ರೋಮಾಪುರ 11ರಲ್ಲಿ ಇರುವುದು ಒಂದೇ ಆಲಿವ್ ಮರ, ಅನ್ಯಜನರು ಅದಕ್ಕೆ ಕಸಿಮಾಡಿದ ಕೊಂಬೆಗಳು. ಅಲ್ಲಿ ಹೇಳಿದ ‘ಇಸ್ರಾಯೇಲ್ಯರೆಲ್ಲರೂ’ ಯಾರೆಂಬುದರಲ್ಲಿ ಸುಧಾರಿತರ ನಡುವೆಯೇ ಭಿನ್ನಮತವಿದೆ. ಯೆಹೂದ್ಯರ ದೊಡ್ಡ ಸಮೂಹ ಕ್ರಿಸ್ತನ ಕಡೆ ತಿರುಗುವುದೆಂದು ನಂಬುವವರೂ ಇದ್ದಾರೆ. ಆದರೆ ಬಲಿಗಳಿಗಾಗಿ ಮೂರನೆಯ ದೇವಾಲಯ ಕಟ್ಟಬೇಕೆಂಬುದನ್ನು ಅವರು ಒಪ್ಪುವುದಿಲ್ಲ. ಕ್ರಿಸ್ತನ ಬಲಿ ಒಂದೇ ಸಲಕ್ಕೆ ಪೂರ್ತಿಯಾಯಿತು.

ತಪ್ಪು ಕಲ್ಪನೆ 6: ಭೂಮಿ ಸುಟ್ಟು ಬೂದಿಯಾಗುತ್ತದೆ, ಆತ್ಮಗಳು ಪರಲೋಕದಲ್ಲಿ ಉಳಿಯುತ್ತವೆ.

ವಾಸ್ತವ: ಬೆಲ್ಜಿಕ್ ಪ್ರಮಾಣದಲ್ಲಿ ಬೆಂಕಿಯ ಕೆಲಸ ಹಳೆಯ ಲೋಕವನ್ನು ಶುದ್ಧಗೊಳಿಸುವುದು. ಪೇತ್ರನು ಆ ಬೆಂಕಿಯನ್ನು ನೋಹನ ಕಾಲದ ಪ್ರಳಯದ ಪಕ್ಕದಲ್ಲಿಟ್ಟು ಮಾತಾಡುತ್ತಾನೆ. ಪ್ರಳಯದಲ್ಲಿ ಅಂದಿನ ಲೋಕ ನಾಶವಾಯಿತು, ನೆಲ ಉಳಿಯಿತು. ಸೃಷ್ಟಿಯೇ ಬಿಡುಗಡೆಗೆ ಕಾಯುತ್ತಿದೆ ಎನ್ನುತ್ತಾನೆ ಪೌಲ (ರೋಮಾಪುರ 8). ಪ್ರಕಟನೆ 21ರಲ್ಲಿ ಮನುಷ್ಯರು ಮೇಲಕ್ಕೆ ಹೋಗುವುದಿಲ್ಲ, ಪರಿಶುದ್ಧ ಪಟ್ಟಣವೇ ಕೆಳಗಿಳಿಯುತ್ತದೆ. ಡಚ್ ದೇವಜ್ಞಾನಿ ಹರ್ಮನ್ ಬಾವಿಂಕ್ ಅವರ ಚಿಂತನೆಯ ತಿರುಳೂ ಇದೇ: ಕೃಪೆ ಸೃಷ್ಟಿಯನ್ನು ಅಳಿಸುವುದಿಲ್ಲ, ಸರಿಪಡಿಸುತ್ತದೆ. ಸತ್ತವರ ಆತ್ಮಗಳು ನಿದ್ರಿಸುತ್ತವೆ ಎಂಬುದನ್ನೂ ಕ್ಯಾಲ್ವಿನ್ ಎಳೆಯ ವಯಸ್ಸಿನಲ್ಲೇ ಒಂದು ಪುಸ್ತಕ ಬರೆದು ಖಂಡಿಸಿದ. ವಿಶ್ವಾಸಿಯ ಆತ್ಮ ಕ್ರಿಸ್ತನ ಬಳಿ ಸೇರುತ್ತದೆ, ಆದರೆ ನಿರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ಇದೇ ದೇಹ ಎದ್ದು ಬರಬೇಕು.

ತಪ್ಪು ಕಲ್ಪನೆ 7: ನ್ಯಾಯತೀರ್ಪೆಂದರೆ ವಿಶ್ವಾಸಿಗೆ ನಡುಕವೇ.

ವಾಸ್ತವ: ಹೈಡಲ್‌ಬರ್ಗ್‌ನ 52ನೇ ಪ್ರಶ್ನೆ ಕೇಳುವುದು ಕ್ರಿಸ್ತನು ನ್ಯಾಯತೀರಿಸಲು ಬರುವುದರಿಂದ ನಿನಗೇನು ಸಾಂತ್ವನ ಎಂದು. ಉತ್ತರದ ಸಾರವಿಷ್ಟೇ: ನ್ಯಾಯಪೀಠದಲ್ಲಿ ಕೂರುವವನು ಮೊದಲೇ ನನ್ನ ಪರವಾಗಿ ಕಟಕಟೆಯಲ್ಲಿ ನಿಂತವನು. ಹಾಗೆಂದು ಆರಿಸಲ್ಪಟ್ಟವರಿಗೆ ವಿಚಾರಣೆ ಇಲ್ಲವೆಂದಲ್ಲ. ಎಲ್ಲರೂ ಆ ಪೀಠದ ಮುಂದೆ ಬರಬೇಕೆಂದು ವೆಸ್ಟ್‌ಮಿನ್‌ಸ್ಟರ್ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ವಿಶ್ವಾಸಿಯ ಕ್ರಿಯೆಗಳು ನಂಬಿಕೆಯ ಫಲವಾಗಿ ಕಾಣುತ್ತವೆ, ರಕ್ಷಣೆಗೆ ತೆತ್ತ ಬೆಲೆಯಾಗಿ ಅಲ್ಲ.

ತಪ್ಪು ಕಲ್ಪನೆ 8: ಅಂತ್ಯ ಬರುವುದಾದರೆ ಲೋಕದ ಕೆಲಸವೇಕೆ?

ವಾಸ್ತವ: ಹೀಗೆ ಕೈಚೆಲ್ಲಿ ಕುಳಿತವರು ಥೆಸಲೋನಿಕದಲ್ಲೇ ಇದ್ದರು, ಕೆಲಸ ಮಾಡದವನು ಊಟವನ್ನೂ ಮಾಡಬಾರದೆಂದು ಪೌಲ ಗದರಿದ. ದಿನವನ್ನು ಮರೆಮಾಡಿರುವುದೇ ಜನ ಸದಾ ಎಚ್ಚರವಾಗಿರಲೆಂದು, ಎನ್ನುತ್ತದೆ ವೆಸ್ಟ್‌ಮಿನ್‌ಸ್ಟರ್.

ಕನ್ನಡನಾಡಿಗೆ ತಾಗುವ ಒಂದು ಉದಾಹರಣೆ ಇದೆ. ಜರ್ಮನಿಯ ವುರ್ಟೆಂಬರ್ಗ್‌ನ ದೇವಜ್ಞಾನಿ ಬೆಂಗೆಲ್ 18ನೇ ಶತಮಾನದಲ್ಲಿ ಪ್ರಕಟನೆಯನ್ನು ಲೆಕ್ಕಹಾಕಿ, ಸಾವಿರ ವರ್ಷದ ಕಾಲ 1836ರಲ್ಲಿ ಆರಂಭವಾಗುವುದೆಂದಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಸುಧಾರಿತರ ಊರಾದರೂ ಬಾಸೆಲ್ ಮಿಷನ್ನಿನ ಅನೇಕರು ಬಂದದ್ದು ಬೆಂಗೆಲ್ ಅವರ ಆ ಲೂಥರನ್ ನಾಡಿನಿಂದ. 1836ರಲ್ಲಿ ಲೆಕ್ಕದಂತೆ ಏನೂ ನಡೆಯಲಿಲ್ಲ. ಅದೇ ವರ್ಷ ಅದೇ ನಾಡಿನವರಾದ, ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದರು, ಕನ್ನಡ ಕಲಿತರು, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು, ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ಲೆಕ್ಕ ಸುಳ್ಳಾದರೂ ಕೆಲಸಕ್ಕೇನೂ ಧಕ್ಕೆಯಾಗಲಿಲ್ಲ. ಸುಧಾರಿತ ಪ್ರಮಾಣಗಳು ವಿಶ್ವಾಸಿಯಿಂದ ಕೇಳುವುದೂ ಇದನ್ನೇ: ಬರೋಣವನ್ನು ನಿಶ್ಚಯವೆಂದು ನಂಬು, ದಿನವನ್ನು ತಂದೆಗೆ ಬಿಡು, ಕೈಯಲ್ಲಿರುವ ಕೆಲಸವನ್ನು ಮುಗಿಸು.