ಮಿತಪಿಷ್ಟದ ಪಥ್ಯವೂ ಸಣ್ಣ ಹಣ್ಣುಗಳ ಲೆಕ್ಕವೂ

ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತಿಗೆ ನಮ್ಮ ಪೇಟೆಬೀದಿಗಳಲ್ಲಿ ನೇರಳೆಹಣ್ಣಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಸಿಹಿಮೂತ್ರರೋಗದಿಂದಲೋ ಸ್ಥೂಲಕಾಯದಿಂದಲೋ ಪಥ್ಯ ಹಿಡಿದಿರುವ ಮಹನೀಯರು ಆ ಬುಟ್ಟಿಗಳ ಮುಂದೆ ಎರಡು ಬಗೆಯಾಗಿ ವರ್ತಿಸುವುದುಂಟು. ಕೆಲವರು, ಹಣ್ಣೆಂಬುದೆಲ್ಲವೂ ಸಕ್ಕರೆಯೆಂದು ಮುಖ ತಿರುಗಿಸಿ ನಡೆದುಬಿಡುತ್ತಾರೆ. ಮತ್ತೆ ಕೆಲವರು, ನೇರಳೆಯು ಹಣ್ಣಲ್ಲ, ಔಷಧವೇ ಸರಿಯೆಂದು ನಂಬಿ ಬುಟ್ಟಿಯನ್ನೇ ಬರಿದುಮಾಡುತ್ತಾರೆ. ಇವರಿಬ್ಬರೂ ಹಣ್ಣಿನ ಹೆಸರನ್ನು ಕೇಳಿದರೇ ಹೊರತು ಅದರ ಲೆಕ್ಕವನ್ನು ಕೇಳಲಿಲ್ಲವೆಂಬುದೇ ನಮ್ಮ ಆಕ್ಷೇಪ.

ಪಿಷ್ಟವನ್ನೂ ಸಕ್ಕರೆಯನ್ನೂ ಮಿತಗೊಳಿಸುವ ಈ ಪಥ್ಯವು ಹೊಸದೇನೂ ಅಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನು ರೊಟ್ಟಿ, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ಮೈಭಾರವನ್ನು ಇಳಿಸಿಕೊಂಡ ಬಗೆಯನ್ನು ಕಿರುಹೊತ್ತಗೆಯೊಂದರಲ್ಲಿ ಪ್ರಕಟಿಸಿದನು. 1921ರಲ್ಲಿ ಟೊರಾಂಟೋ ನಗರದಲ್ಲಿ ಇನ್ಸುಲಿನ್ ದೊರೆಯುವವರೆಗೂ ಸಿಹಿಮೂತ್ರರೋಗಿಗೆ ಕಠಿಣವಾದ ಪಥ್ಯವೇ ಮುಖ್ಯವಾದ ಗತಿಯಾಗಿತ್ತು. ಇಂದು ಈ ವಿಷಯವು ನಮಗೆ ದೂರದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಜನರಿಗೆ ಈ ರೋಗವುಂಟೆಂದು ಅಂದಾಜು ಮಾಡಿದೆ. ಪ್ರತಿಯೊಂದು ಕಚೇರಿಯಲ್ಲಿಯೂ, ಪ್ರತಿಯೊಂದು ಬೀದಿಯಲ್ಲಿಯೂ ಇಂಥವರಿದ್ದಾರೆಂಬುದನ್ನು ವಾಚಕರೇ ಬಲ್ಲರು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಹಣ್ಣಿನಲ್ಲಿರುವ ಒಟ್ಟು ಶರ್ಕರಪಿಷ್ಟದಿಂದ, ಅಂದರೆ ಪಿಷ್ಟ, ಸಕ್ಕರೆ, ನಾರು ಇವುಗಳ ಮೊತ್ತದಿಂದ, ನಾರನ್ನು ಕಳೆಯಬೇಕು; ನಾರು ರಕ್ತದಲ್ಲಿ ಸಕ್ಕರೆಯಾಗಿ ಸೇರತಕ್ಕದ್ದಲ್ಲ. ಹೀಗೆ ಕಳೆದು ನೋಡಿದರೆ 100 ಗ್ರಾಂ ಬ್ಲ್ಯಾಕ್‌ಬೆರಿಯಲ್ಲಿ ಉಳಿಯುವುದು ಸುಮಾರು 4 ಗ್ರಾಂ, ರಾಸ್ಪ್‌ಬೆರಿಯಲ್ಲಿ 5, ಸ್ಟ್ರಾಬೆರಿಯಲ್ಲಿ 6. ರಾಸ್ಪ್‌ಬೆರಿಯಲ್ಲಿ ಒಟ್ಟು ಶರ್ಕರಪಿಷ್ಟವು 12 ಗ್ರಾಮಿನಷ್ಟಿದ್ದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾರೇ ಇರುವುದರಿಂದ ಅದು ಪಥ್ಯಕ್ಕೆ ಒಗ್ಗುತ್ತದೆ. ಬ್ಲೂಬೆರಿಯಲ್ಲಾದರೋ ನಾರು ಕಡಮೆ. ಉಳಿಯುವುದು 12 ಗ್ರಾಂ. ದ್ರಾಕ್ಷಿಯಲ್ಲಿ 17, ಬಾಳೆಹಣ್ಣಿನಲ್ಲಿ 20. ಆದುದರಿಂದ ಬೆರಿಯೆಂಬ ಒಂದೇ ಹೆಸರಿನಡಿಯಲ್ಲಿ ಎಲ್ಲವನ್ನೂ ಸಮನಾಗಿ ಎಣಿಸುವುದು ಸರಿಯಲ್ಲ.

ಈ ಪರದೇಶದ ಹಣ್ಣುಗಳು ದುಬಾರಿ. ಸಾಮಾನ್ಯ ಸಂಬಳಗಾರನು ಅವುಗಳಿಗಾಗಿ ಚಿಂತಿಸಬೇಕಾದುದಿಲ್ಲ. ಸ್ಟ್ರಾಬೆರಿಯು ನೆರೆಯ ಮಹಾಬಲೇಶ್ವರದಲ್ಲಿಯೇ ಹೇರಳವಾಗಿ ಬೆಳೆಯುತ್ತದೆ. ರೇಷ್ಮೆಯ ಹುಳುವಿಗಾಗಿ ನಾವು ಬೆಳೆಸುವ ಹಿಪ್ಪುನೇರಳೆಯ ಹಣ್ಣಿನಲ್ಲಿ ನಾರು ಕಳೆದು ಉಳಿಯುವುದು 8 ಗ್ರಾಂ. ಬೆಟ್ಟದ ನೆಲ್ಲಿಯನ್ನು ಒಂದೆರಡಕ್ಕಿಂತ ಹೆಚ್ಚಾಗಿ ತಿನ್ನುವವರೇ ವಿರಳ. ನೇರಳೆಯಲ್ಲಿ ಸುಮಾರು 13 ಗ್ರಾಂ ಉಳಿಯುವುದರಿಂದ ಅದು ಬ್ಲೂಬೆರಿಯ ಸಾಲಿಗೆ ಸೇರಬೇಕು. ಬೀಜ ತೆಗೆದು 50 ಗ್ರಾಂ ತಿರುಳನ್ನು ತಿಂದವನು 6 ಅಥವಾ 7 ಗ್ರಾಮನ್ನು ತನ್ನ ಲೆಕ್ಕದಲ್ಲಿ ಬರೆದುಕೊಳ್ಳಲಿ. ಬುಟ್ಟಿಯನ್ನು ಬರಿದುಮಾಡಿದವನು ಔಷಧ ಸೇವಿಸಿದೆನೆಂದು ಸಮಾಧಾನಪಡುವುದು ಬೇಡ.

ಹಣ್ಣನ್ನು ತಿನ್ನುವ ಬಗೆಯೂ ಮುಖ್ಯ. ಇಡಿಯ ಹಣ್ಣನ್ನು ಅಗಿದು ತಿನ್ನಬೇಕು. ಹಿಂಡಿ ಸೋಸಿದರೆ ನಾರು ಬಟ್ಟೆಯಲ್ಲಿ ಉಳಿದು ಸಕ್ಕರೆಯು ಲೋಟಕ್ಕೆ ಇಳಿಯುತ್ತದೆ. ಒಣಗಿಸಿದರೆ ನೀರು ಹೋಗಿ ಸಕ್ಕರೆಯು ಘನೀಭವಿಸುತ್ತದೆ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಮುಕ್ಕಾಲು ಪಾಲು ಶರ್ಕರಪಿಷ್ಟವೇ ಆಗಿದೆ. ನೆಲ್ಲಿಯ ಮುರಬ್ಬವನ್ನು ನೆಲ್ಲಿಯೆಂದು ಕರೆಯುವುದಕ್ಕಿಂತ ಸಕ್ಕರೆಯೆಂದು ಕರೆಯುವುದೇ ಯುಕ್ತ.

ಇಲ್ಲೊಂದು ಎಚ್ಚರಿಕೆಯನ್ನು ಹೇಳದಿರಲಾಗದು. ನೇರಳೆಬೀಜದ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಪ್ರಾಣಕ್ಕೇ ಮುಳುವಾದೀತು. ಅದೇ ರೀತಿ, ಇನ್ಸುಲಿನ್ನನ್ನಾಗಲಿ ಸಕ್ಕರೆಯನ್ನು ಬಲವಾಗಿ ಇಳಿಸುವ ಗುಳಿಗೆಗಳನ್ನಾಗಲಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಪಿಷ್ಟವನ್ನು ಒಮ್ಮೆಲೇ ಕಡಿದರೆ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿಯಬಹುದು. ಔಷಧದ ಪ್ರಮಾಣವೂ ಪಥ್ಯವೂ ಜೊತೆಜೊತೆಯಾಗಿ ಬದಲಾಗತಕ್ಕವು.

ಕಡೆಯಲ್ಲಿ ಒಂದು ಮಾತು. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿದೆ. ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಬಡಿಸಿಕೊಂಡು 300 ಗ್ರಾಂ ಅನ್ನವನ್ನು ಉಂಡವರು 84 ಗ್ರಾಮನ್ನು ಒಳಗಿಳಿಸಿ, ಎದ್ದು ಕೈತೊಳೆದು, ಮೊಮ್ಮಗಳು ನೀಡಿದ ನಾಲ್ಕು ನೇರಳೆಗಳನ್ನು ಪಥ್ಯದ ಹೆಸರಿನಲ್ಲಿ ನಿರಾಕರಿಸುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ದಿನವೊಂದಕ್ಕೆ 130 ಗ್ರಾಮಿಗಿಂತ ಕಡಮೆ ಶರ್ಕರಪಿಷ್ಟವೆಂಬುದು ಮಿತಪಿಷ್ಟದ ಪಥ್ಯಕ್ಕೆ ಸಾಮಾನ್ಯವಾಗಿ ಹೇಳುವ ಮೇರೆ. ಒಂದೇ ಊಟದಲ್ಲಿ ಅದರ ಹೆಚ್ಚಿನ ಪಾಲು ತೀರಿಹೋದರೆ ಹಣ್ಣಿಗೆ ಎಡೆಯೆಲ್ಲಿ? ಲೆಕ್ಕವು ತಟ್ಟೆಯಿಂದ ಆರಂಭವಾಗಲಿ. ಅನ್ನವನ್ನು ಒಂದು ಸೌಟು ಕಡಮೆಮಾಡಿಕೊಂಡವರು ಋತುವಿನ ಹಣ್ಣನ್ನು ಒಂದು ಹಿಡಿ ಸವಿಯುವುದರಿಂದ ಅವರ ಪಥ್ಯವು ಕೆಡಲಾರದು. ಮೊಮ್ಮಗಳ ಮುಖವೂ ಬಾಡಲಾರದು.