ಚಾಳೀಸು ಬಂದ ಮೇಲೆ: ಗಂಡಸರ ಆರೋಗ್ಯವನ್ನು ಕುರಿತು ಕೆಲವು ಮಾತುಗಳು

ನಮ್ಮ ವಾಚನಾಲಯದಲ್ಲಿ ಓದುಗರ ವಯಸ್ಸನ್ನು ತಿಳಿಯಲು ಜಾತಕ ಬೇಕಾಗಿಲ್ಲ. ವೃತ್ತಪತ್ರಿಕೆಯನ್ನು ಎಷ್ಟು ದೂರ ಹಿಡಿದು ಓದುತ್ತಾರೆಂಬುದನ್ನು ಗಮನಿಸಿದರೆ ಸಾಕು. ನಲವತ್ತು ದಾಟಿದವರ ಕೈ ದಿನೇ ದಿನೇ ಮುಂದಕ್ಕೆ ಚಾಚುತ್ತ ಹೋಗುತ್ತದೆ. ಕೈಯೇ ಸಾಲದೆಂದಾದಾಗ ಅಬಿಡ್ಸಿನ ಕನ್ನಡಕದ ಅಂಗಡಿಯೊಂದಕ್ಕೆ ಹೋಗಿ ಚಾಳೀಸು ಹಾಕಿಸಿಕೊಂಡು ಬರುತ್ತಾರೆ. ನಲವತ್ತು ಎಂಬರ್ಥದ ಹಿಂದೂಸ್ತಾನಿ ಮಾತಿನಿಂದಲೇ ಆ ಕನ್ನಡಕಕ್ಕೆ ನಮ್ಮಲ್ಲಿ ಈ ಹೆಸರು ಬಂದದ್ದು. ಇದರಲ್ಲಿ ಯಾರಿಗೂ ಸಂಕೋಚವಿಲ್ಲ. ಆದರೆ ಅದೇ ಪ್ರಾಯದಲ್ಲಿ ಶರೀರದ ಒಳಗೆ ನಡೆಯುವ ಬೇರೆ ಬದಲಾವಣೆಗಳ ವಿಚಾರ ಬಂದಾಗ ಗಂಡಸರು ತುಟಿ ಬಿಚ್ಚುವುದಿಲ್ಲ.

ಈ ಲೇಖನಕ್ಕೆ ಕಾರಣರಾದವರು ನಮ್ಮ ಸದಸ್ಯರಲ್ಲಿ ಒಬ್ಬರು. ಹೆಸರು ಬೇಡ. ಕಲಬುರಗಿ ಕಡೆಯವರು, ಬಹಳ ಕಾಲದಿಂದ ಇಲ್ಲಿಯೇ ನೆಲೆಸಿದವರು. ಐವತ್ತರ ಸುಮಾರಿನಲ್ಲಿ ಅವರಿಗೆ ಆಯಾಸ, ನಿರುತ್ಸಾಹ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ದಾಂಪತ್ಯ ಜೀವನದಲ್ಲಿ ಅಶಕ್ತಿ ಇವು ತೋರಿದವು. ಗಂಡಸುತನ ಕುಂದಿತೆಂದು ತಾವೇ ತೀರ್ಮಾನಿಸಿಕೊಂಡು, ಜಾಹೀರಾತು ನೋಡಿ ತರಿಸಿದ ಲೇಹ್ಯವನ್ನು ಎರಡು ವರ್ಷ ತಿಂದರು. ಕೊನೆಗೆ ಕಾಲ್ಬೆರಳಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಸಕ್ಕರೆ ಕಾಯಿಲೆ ಹಳೆಯದಾಗಿ ಬೇರೂರಿದೆಯೆಂದು ತಿಳಿಯಿತು. ಎರಡು ಬೆರಳುಗಳು ಉಳಿಯಲಿಲ್ಲ. “ಏನೋ ಆಗ್ಯದ ಅಂತ ಗೊತ್ತಿತ್ತರಿ, ಹೇಳ್ಲಿಕ್ಕ ನಾಚಿಕಿ ಬಂತು. ಇದನ್ನ ಬರೀರಿ, ಮತ್ತೊಬ್ಬರಿಗರೆ ಉಪಯೋಗ ಆಗ್ಲಿ” ಎಂದು ಅವರೇ ನಮಗೆ ಹೇಳಿದರು.

ನಮ್ಮ ದೇಶದಲ್ಲಿ ಗಂಡಸರ ಆಯುಷ್ಯ ಹೆಂಗಸರದಕ್ಕಿಂತ ಕಡಿಮೆ. ೨೦೧೬–೨೦ರ ಸರ್ಕಾರಿ ಲೆಕ್ಕದಂತೆ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯುಷ್ಯ ೬೮.೬ ವರ್ಷ, ಹೆಣ್ಣುಮಗುವಿನದು ೭೧.೪. ಈ ಅಂತರಕ್ಕೆ ಪ್ರಕೃತಿಯೊಂದೇ ಕಾರಣವಲ್ಲ. ೨೦೧೬–೧೭ರ ಸಮೀಕ್ಷೆಯಲ್ಲಿ ನೂರಕ್ಕೆ ೪೨ ಮಂದಿ ಗಂಡಸರು ಯಾವುದಾದರೊಂದು ಬಗೆಯಲ್ಲಿ ತಂಬಾಕನ್ನು ಬಳಸುತ್ತಿದ್ದರು. ಹೆಂಗಸರಲ್ಲಿ ೧೪ ಮಂದಿ. ಬೀಡಿ, ಸಿಗರೇಟು, ಜರ್ದಾ, ಗುಟ್ಕಾ ಯಾವುದಾದರೂ ಸರಿ, ಅದು ಆಯುಷ್ಯವನ್ನು ತಿನ್ನುತ್ತದೆ. ಇದರ ಜೊತೆಗೆ ತಡಮಾಡಿ ವೈದ್ಯರ ಬಳಿಗೆ ಹೋಗುವ ಅಭ್ಯಾಸವೂ ಸೇರಿದೆ.

ಹಾರ್ಮೋನಿನ ಮಾತು

ಶರೀರದ ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಸುರಿಸುವ ಚೋದಕರಸಗಳಿಗೆ ಹಾರ್ಮೋನುಗಳೆಂದು ಹೆಸರು. ಗಂಡಸರಲ್ಲಿ ವೃಷಣಗಳು ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಗಡ್ಡಮೀಸೆ, ಗಡಸು ದನಿ, ಸ್ನಾಯುಗಳ ಪುಷ್ಟಿ, ಮೂಳೆಯ ಗಟ್ಟಿತನ, ಕಾಮಾಸಕ್ತಿ, ರಕ್ತದ ಕೆಂಪುಕಣಗಳ ಉತ್ಪತ್ತಿ ಇವೆಲ್ಲಕ್ಕೂ ಅದರ ನೆರವು ಬೇಕು.

ಇದನ್ನು ಹೊರಗಿನಿಂದ ತುಂಬಿ ಯೌವನವನ್ನು ಮರಳಿ ತರಬಹುದೆಂಬ ಆಸೆ ಇಂದಿನದಲ್ಲ. ೧೮೮೯ರಲ್ಲಿ ಬ್ರೌನ್-ಸೆಕಾರ್ಡ್ ಎಂಬ ಪ್ರಸಿದ್ಧ ಶರೀರವಿಜ್ಞಾನಿ ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಪ್ರಾಣಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು, ಹೊಸ ಶಕ್ತಿ ಬಂದಿತೆಂದು ಪ್ಯಾರಿಸ್ಸಿನ ವಿದ್ವತ್ಸಭೆಯಲ್ಲಿ ಸಾರಿದರು. ಆ ರಸದಲ್ಲಿ ಹಾರ್ಮೋನು ಇದ್ದುದೇ ಅತ್ಯಲ್ಪ. ಬಂದ ಶಕ್ತಿ ನಂಬಿಕೆಯದೇ ಹೊರತು ಔಷಧದ್ದಲ್ಲ. ನಿಜವಾದ ಟೆಸ್ಟೊಸ್ಟೆರೋನನ್ನು ಬೇರ್ಪಡಿಸಿದ್ದೂ ರಾಸಾಯನಿಕವಾಗಿ ತಯಾರಿಸಿದ್ದೂ ೧೯೩೫ರಲ್ಲಿ. ಆ ಕ್ಷೇತ್ರದ ಕೆಲಸಕ್ಕಾಗಿ ಬುಟೆನಾಂಟ್ ಮತ್ತು ರುಜಿಕಾ ಎಂಬಿಬ್ಬರಿಗೆ ೧೯೩೯ರ ನೊಬೆಲ್ ಪಾರಿತೋಷಕ ಸಂದಿತು.

ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ ಹಾರ್ಮೋನುಗಳು ಕೆಲವೇ ವರ್ಷಗಳಲ್ಲಿ ಇಳಿದುಬಿಡುತ್ತವೆ. ಗಂಡಸರಲ್ಲಿ ಹಾಗಲ್ಲ. ಮೂವತ್ತು ನಲವತ್ತರಿಂದಾಚೆಗೆ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಂತೆ ಮೆಲ್ಲಮೆಲ್ಲನೆ ತಗ್ಗುತ್ತದೆ. ಅನೇಕರಿಗೆ ಅದರ ಅರಿವೂ ಆಗುವುದಿಲ್ಲ. ಯುರೋಪಿನ ಎಂಟು ನಗರಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ೪೦ರಿಂದ ೭೯ ವಯಸ್ಸಿನವರ ಪೈಕಿ ರಕ್ತಪರೀಕ್ಷೆಯಲ್ಲೂ ಕಡಿಮೆ, ಲಕ್ಷಣಗಳಲ್ಲೂ ಸ್ಪಷ್ಟ ಎಂಬಂತಿದ್ದವರು ನೂರಕ್ಕೆ ಇಬ್ಬರು ಮಾತ್ರ. ಹಾಗಾದರೆ ಉಳಿದವರ ಆಯಾಸಕ್ಕೆ ಕಾರಣವೇನು? ಬಹುಮಟ್ಟಿಗೆ ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರಾಭಂಗ, ಕುಡಿತ, ರಕ್ತಹೀನತೆ, ಥೈರಾಯ್ಡ್ ದೋಷ, ಮನಸ್ಸಿನ ಕೊರಗು. ಇವುಗಳಲ್ಲಿ ಕೆಲವು ಟೆಸ್ಟೊಸ್ಟೆರೋನನ್ನೂ ಇಳಿಸುತ್ತವೆ. ಕೊಬ್ಬಿನ ಕೋಶಗಳು ಅದನ್ನು ಸ್ತ್ರೀ ಹಾರ್ಮೋನಾಗಿ ಮಾರ್ಪಡಿಸುತ್ತವೆ. ಆದುದರಿಂದಲೇ ಹೊಟ್ಟೆ ಕರಗಿದಾಗ ಹಾರ್ಮೋನು ತಾನಾಗಿ ಏರುವುದುಂಟು.

ನಿಜವಾಗಿ ಕೊರತೆಯಿದ್ದವರಿಗೆ ಚಿಕಿತ್ಸೆ ಇದೆ. ಬೆಳಗಿನ ಹೊತ್ತು ರಕ್ತ ಕೊಟ್ಟು, ಕಡಿಮೆ ಬಂದರೆ ಮತ್ತೊಂದು ದಿನ ಪುನಃ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ. ಅಮೆರಿಕದಲ್ಲಿ ಕೊರತೆಯಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು ೨೦೨೩ರಲ್ಲಿ ಹೊರಬಿದ್ದ ಪರೀಕ್ಷೆಯಲ್ಲಿ ಈ ಚಿಕಿತ್ಸೆಯಿಂದ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಹೃದಯಬಡಿತದ ಏರುಪೇರು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಮೂತ್ರಪಿಂಡದ ತೊಂದರೆ ತುಸು ಹೆಚ್ಚಾಗಿ ಕಂಡುಬಂದವು. ಮಕ್ಕಳು ಬೇಕೆನ್ನುವ ತರುಣರು ಇನ್ನೊಂದನ್ನು ತಿಳಿದಿರಬೇಕು. ಹೊರಗಿನಿಂದ ಈ ಹಾರ್ಮೋನನ್ನು ತೆಗೆದುಕೊಂಡರೆ ಶರೀರ ತನ್ನ ಕೆಲಸವನ್ನು ನಿಲ್ಲಿಸುತ್ತದೆ, ವೀರ್ಯಾಣುಗಳು ಕುಗ್ಗುತ್ತವೆ. ವ್ಯಾಯಾಮಶಾಲೆಯಲ್ಲಿ ಯಾರೋ ಕೊಟ್ಟ ಚುಚ್ಚುಮದ್ದಿನಿಂದ ಸಂತಾನಕ್ಕೆ ಅಡ್ಡಿಯಾಗಬಹುದು.

ಶಕ್ತಿ ಹೆಚ್ಚಿಸುವೆವೆಂಬ ಗೋಡೆಬರಹಗಳನ್ನೂ ಜಾಹೀರಾತುಗಳನ್ನೂ ನೋಡದವರಿಲ್ಲ. ಕಾಮಶಕ್ತಿಯನ್ನು ವೃದ್ಧಿಪಡಿಸುವ ಔಷಧ, ಮಧುಮೇಹವನ್ನು ಗುಣಪಡಿಸುವ ಔಷಧ ಎಂದು ಜಾಹೀರು ಮಾಡುವುದನ್ನು ನಮ್ಮ ದೇಶದಲ್ಲಿ ೧೯೫೪ರ ಕಾಯಿದೆಯೇ ನಿಷೇಧಿಸಿದೆ. ಅಂಥ ಜಾಹೀರಾತು ಕಂಡಲ್ಲಿ, ಕಾನೂನನ್ನು ಮೀರಿದವನ ಮಾತನ್ನು ಔಷಧದ ವಿಷಯದಲ್ಲಿ ನಂಬಬಹುದೇ ಎಂದು ವಾಚಕರೇ ಯೋಚಿಸಲಿ.

ಹೊಟ್ಟೆಯ ಸುತ್ತಳತೆ

“ನಾನೇನು ದಪ್ಪಗಿಲ್ಲವಲ್ಲ” ಎನ್ನುವವರಿಗೆ ಈ ಮಾತು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರೂ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಸರಿಸಮ. ಆದರೆ ಶರೀರದ ಕೊಬ್ಬನ್ನು ಅಳೆದಾಗ ಆಂಗ್ಲ ವೈದ್ಯರಲ್ಲಿ ನೂರಕ್ಕೆ ೯, ನಮ್ಮವರಲ್ಲಿ ೨೧! ಇಬ್ಬರ ಭಾವಚಿತ್ರವೂ ಈ ಅಂಕಿಗಳೂ ೨೦೦೪ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಒಟ್ಟಿಗೆ ಅಚ್ಚಾದವು. ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ಹೆಚ್ಚು. ಆ ಕೊಬ್ಬೇ ಇನ್ಸುಲಿನ್ನಿನ ಕೆಲಸವನ್ನು ಕೆಡಿಸುತ್ತದೆ.

ಆದಕಾರಣ ತಕ್ಕಡಿಗಿಂತ ಅಳತೆಪಟ್ಟಿ ಮೇಲು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಅಳೆಯಬೇಕು. ಭಾರತೀಯ ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦, ಇದೇ ಮೇರೆ. ಷರಾಯಿಯ ನಂಬರನ್ನು ನಂಬಬೇಡಿರಿ. ಹೊಟ್ಟೆ ಬೆಳೆದಂತೆಲ್ಲ ಷರಾಯಿ ಕೆಳಗೆ ಇಳಿಯುತ್ತದಷ್ಟೆ.

೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದೂ, ಇನ್ನು ೧೩ ಕೋಟಿಗೂ ಮೇಲ್ಪಟ್ಟವರು ಅದರ ಹೊಸ್ತಿಲಲ್ಲಿ ಇದ್ದಾರೆಂದೂ ಅಂದಾಜು ಮಾಡಿತು. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ೧೨೬ ಅಥವಾ ಹೆಚ್ಚು ಎಂದು ಎರಡು ಸಲ ಬಂದರೆ ಅದು ಮಧುಮೇಹ. ರಕ್ತದ ಒತ್ತಡ ಪದೇ ಪದೇ ೧೪೦/೯೦ ದಾಟಿದರೆ ಅದಕ್ಕೂ ಚಿಕಿತ್ಸೆ ಬೇಕು. ಎರಡೂ ನೋವಿಲ್ಲದೆ ಬೆಳೆಯುವ ಕಾಯಿಲೆಗಳು. ನೋವು ಬರಲೆಂದು ಕಾಯುವವರು ಕಣ್ಣು, ಮೂತ್ರಪಿಂಡ, ಹೃದಯ ಇವುಗಳಿಗೆ ಪೆಟ್ಟು ಬೀಳುವವರೆಗೂ ಕಾಯಬೇಕಾಗುತ್ತದೆ.

ಇಲ್ಲಿಯೇ ಸಂಕೋಚದ ಮಾತೊಂದನ್ನು ಹೇಳಿಬಿಡುತ್ತೇವೆ. ಜನನೇಂದ್ರಿಯಕ್ಕೆ ರಕ್ತವೊಯ್ಯುವ ನಾಳಗಳು ಹೃದಯದ ನಾಳಗಳಿಗಿಂತ ಸಪೂರವಾದವು. ರಕ್ತನಾಳಗಳಲ್ಲಿ ಜಿಡ್ಡು ಕಟ್ಟತೊಡಗಿದಾಗ ಅವು ಮೊದಲು ಸೊರಗುತ್ತವೆ. ಆದ್ದರಿಂದ ದಾಂಪತ್ಯ ಸಾಮರ್ಥ್ಯ ಕುಂದುವುದು ಕೆಲವರಲ್ಲಿ ಹೃದ್ರೋಗದ ಮುನ್ಸೂಚನೆಯಾಗಿ, ಎರಡು ಮೂರು ವರ್ಷ ಮೊದಲೇ ಬರುತ್ತದೆ. ಇದನ್ನು ವೈದ್ಯರಿಂದ ಮುಚ್ಚಿಟ್ಟವರು ತಮ್ಮ ಹೃದಯ ಕೊಟ್ಟ ಎಚ್ಚರಿಕೆಯನ್ನೇ ಮುಚ್ಚಿಟ್ಟಂತಾಯಿತು. ಎದೆಯಲ್ಲಿ ಹಿಂಡಿದಂತಾಗಿ, ನೋವು ಎಡದೋಳಿಗೋ ದವಡೆಗೋ ಹರಿದು, ಬೆವರು ಕಿತ್ತುಬಂದರೆ ವಾಯುವೆಂದು ಓಮದ ನೀರು ಕುಡಿದು ಮಲಗಬೇಡಿರಿ. ಒಡನೆ ೧೦೮ಕ್ಕೆ ದೂರವಾಣಿ ಮಾಡಿರಿ.

ಮೂತ್ರದ ತೊಂದರೆ

ಮೂತ್ರಕೋಶದ ಬುಡದಲ್ಲಿ ಅಕ್ರೋಟಿನಷ್ಟು ದೊಡ್ಡದಾದ ಪ್ರಾಸ್ಟೇಟ್ ಗ್ರಂಥಿಯಿದೆ. ಮೂತ್ರನಾಳ ಅದರ ನಡುವೆ ಹಾದುಬರುತ್ತದೆ. ವಯಸ್ಸಾದಂತೆ ಗ್ರಂಥಿ ಬೆಳೆದು ನಾಳವನ್ನು ಒತ್ತುತ್ತದೆ. ಧಾರೆ ಸಣ್ಣಗಾಗುವುದು, ಆರಂಭಿಸಲು ತಡವಾಗುವುದು, ರಾತ್ರಿ ಏಳುವುದು ಇದರ ಲಕ್ಷಣಗಳು. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ; ಬಹುಮಂದಿಗೆ ಗುಳಿಗೆಯಿಂದಲೇ ಆರಾಮವಾಗುತ್ತದೆ. ಆದರೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಬೇರೆಯಾಗಿ ಹುಟ್ಟಬಹುದಾದ್ದರಿಂದ ವೈದ್ಯರು ನೋಡಿ ಹೇಳಬೇಕು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರೇ ಎಂದು ಹೆದರಬಾರದು. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಪೂರಾ ಕಟ್ಟಿಕೊಂಡರೆ ಮಾತ್ರ ಒಂದು ದಿನವೂ ತಡೆಯಕೂಡದು. ಗ್ರಂಥಿ ಬೆಳೆದಿರುವವರಿಗೆ ನೆಗಡಿಯ ಕೆಲವು ಗುಳಿಗೆಗಳಿಂದಲೂ ಮೂತ್ರ ಕಟ್ಟುವುದುಂಟು. ಅಂಗಡಿಯಿಂದ ತಾವೇ ತಂದು ನುಂಗಬಾರದು.

ಊಟದ ವಿಚಾರ

ಊಟಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಗಾದೆ. ಊಟವನ್ನು ಶಾಸ್ತ್ರವಾಗಿ ಬಲ್ಲವರು ನಮ್ಮ ಊರಲ್ಲೇ ಇದ್ದಾರೆ. ೧೯೧೮ರಲ್ಲಿ ಕೂನೂರಿನ ಒಂದೇ ಕೋಣೆಯಲ್ಲಿ ಮೆಕ್ಯಾರಿಸನ್ನರು ಆರಂಭಿಸಿದ ಸಂಶೋಧನಾಲಯ ೧೯೫೮ರಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಬಂದಿತು. ೧೯೬೯ರಿಂದ ಅದಕ್ಕೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರು. ನಮ್ಮ ಜೋಳದ ರೊಟ್ಟಿಯನ್ನೂ ಅವರು ಬಿಟ್ಟವರಲ್ಲ. ೧೯೬೦ರಲ್ಲಿ ಡಾ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯನವರು, ಜೋಳವನ್ನೇ ನೆಚ್ಚಿಕೊಂಡ ದಖ್ಖನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ಎಂಬ ಚರ್ಮರೋಗಕ್ಕೂ ಜೋಳದ ಲ್ಯೂಸೀನ್ ಎಂಬ ಅಂಶಕ್ಕೂ ಸಂಬಂಧವಿದೆಯೆಂದು ವಾದಿಸಿದರು. ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದ ನಮಗೆ ಇದು ಮನೆಯ ಮಾತೇ ಸರಿ. ಜೋಳ ಕೆಟ್ಟದ್ದಲ್ಲ, ನಾರೂ ಪುಷ್ಟಿಯೂ ಉಳ್ಳ ಒಳ್ಳೆಯ ಧಾನ್ಯ. ಬರಿಯ ರೊಟ್ಟಿ ಖಾರವಷ್ಟೇ ಸಾಲದು. ಅದರ ಪಕ್ಕದಲ್ಲಿ ಬೇಳೆ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಇರಬೇಕೆಂದು ನಮ್ಮ ಹಿರಿಯ ತಾಯಂದಿರು ಬಲ್ಲರು.

ಅದೇ ಸಂಸ್ಥೆ ೨೦೨೪ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ೨೦೦೦ ಕ್ಯಾಲೊರಿಯ ದಿನದ ಊಟಕ್ಕೆ ಧಾನ್ಯ ೨೫೦ ಗ್ರಾಂ, ಬೇಳೆಕಾಳು ೮೫ ಗ್ರಾಂ, ತರಕಾರಿ ಸೊಪ್ಪು ೪೦೦ ಗ್ರಾಂ, ಹಾಲು ಮೊಸರು ೩೦೦ ಮಿಲಿಲೀಟರು ಎಂದು ಹಂಚಿದ್ದಾರೆ. ಉಪ್ಪು ಎಲ್ಲ ಸೇರಿ ದಿನಕ್ಕೆ ೫ ಗ್ರಾಂ, ಎಂದರೆ ಒಂದು ಚಹಾ ಚಮಚೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ. ಧಾನ್ಯ ತಗ್ಗಿಸಿ, ಬೇಳೆ ತರಕಾರಿ ಏರಿಸುವುದೇ ಇದರ ಸಾರ. ವಯಸ್ಸಾದಂತೆ ಸ್ನಾಯುಗಳು ಸವೆಯುವುದರಿಂದ ಪ್ರೋಟೀನನ್ನು ಬಿಡಬಾರದು; ೬೦ ಕಿಲೋ ತೂಕದವರಿಗೆ ದಿನಕ್ಕೆ ಸುಮಾರು ೫೦ ಗ್ರಾಂ ಬೇಕು. ಡಬ್ಬಿಯ ಪುಡಿ ಬೇಡವೆಂದೂ ಅವರೇ ಹೇಳಿದ್ದಾರೆ. ಸಂಜೆಯ ಇರಾನಿ ಚಹಾವನ್ನು ಬಿಡಿರೆಂದು ಹೇಳುವಷ್ಟು ನಿರ್ದಯಿಗಳು ನಾವಲ್ಲ; ಎರಡನೆಯ ಕಪ್ಪನ್ನೂ ಅದರ ಜೊತೆಯ ಉಸ್ಮಾನಿಯಾ ಬಿಸ್ಕತ್ತುಗಳನ್ನೂ ಎಣಿಸಿರೆಂದಷ್ಟೇ ನಮ್ಮ ವಿನಂತಿ.

ಊಟದೊಡನೆ ನಡಿಗೆಯೂ ಬೇಕು. ವಾರಕ್ಕೆ ನೂರೈವತ್ತು ನಿಮಿಷದ ಬಿರುಸಾದ ನಡಿಗೆ, ವಾರಕ್ಕೆರಡು ದಿನ ಕೈಕಾಲಿಗೆ ಭಾರದ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಬಿಡ್ಸಿನಿಂದ ನಾಂಪಲ್ಲಿಯ ಬಾಗ್-ಎ-ಆಮ್ ದೂರವೇನಲ್ಲ. ಬೆಳಗ್ಗೆ ಅಲ್ಲಿ ಎರಡು ಸುತ್ತು ಹಾಕಿ ಪತ್ರಿಕೆ ಓದಲು ಇಲ್ಲಿಗೆ ಬರಬಹುದು.

ಇಷ್ಟೆಲ್ಲ ಬರೆದ ಮೇಲೆ ನಾವೂ ಏನಾದರೂ ಮಾಡಬೇಕಷ್ಟೆ. ವಾಚನಾಲಯದ ಒಳಕೋಣೆಯಲ್ಲಿ, ಹಳೆಯ ಮಾಸಪತ್ರಿಕೆಗಳ ಕಪಾಟಿನ ಮರೆಯಲ್ಲಿ, ಒಂದು ಅಳತೆಪಟ್ಟಿಯನ್ನು ತೂಗುಹಾಕಿದ್ದೇವೆ. ಅಲ್ಲಿ ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ಅಳತೆ ೯೦ ದಾಟಿದವರು, ನಲವತ್ತು ದಾಟಿದವರು, ತಂದೆತಾಯಿಗಳಲ್ಲಿ ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಇದ್ದವರು ಈ ತಿಂಗಳಲ್ಲೇ ರಕ್ತದ ಒತ್ತಡ, ಸಕ್ಕರೆ, ಕೊಬ್ಬು ಇವುಗಳ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಬೇಡುತ್ತೇವೆ. ವೈದ್ಯರ ಮುಂದೆ ಏನು ಹೇಳಬೇಕೆಂದು ತೋಚದಿದ್ದರೆ ಲಕ್ಷಣಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವರ ಕೈಗೆ ಕೊಡಿರಿ. ಲೇಖನದ ಆರಂಭದಲ್ಲಿ ಹೇಳಿದ ನಮ್ಮ ಮಿತ್ರರು ಈಗ ಹಾಗೆಯೇ ಮಾಡುತ್ತಿದ್ದಾರೆ. ಅವರು ಇಂದಿಗೂ ಪ್ರತಿ ಸಂಜೆ ಕೋಲೂರಿಕೊಂಡು ಮೆಟ್ಟಿಲೇರಿ ಬರುತ್ತಾರೆ, ಕಿಟಕಿಯ ಬಳಿ ಕುಳಿತು ಓದುತ್ತಾರೆ. ನಾಚಿಕೆ ತೋರಿದವರ ಬಳಿ ಅವರೇ ಹೋಗಿ ಮಾತನಾಡಲು ಒಪ್ಪಿದ್ದಾರೆ.